ನನ್ನ ಒಣ ತೂಕ

ನನ್ನ ತೂಕದ ಬಗ್ಗೆ ನನಗೆ ಯಾವತ್ತೂ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಉಳಿದವರಿಗೆ. ರಾಣೇಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ಮುಂಜಾನೆಯ ಪ್ಯಾಸೆಂಜರ್ ಗಾಡಿಯಲ್ಲಿ ಮೂವರ ಸೀಟಿನ ಮೇಲೆ ನಾನು ಕೂತರೆ, ಉಳಿದಿಬ್ಬರು ಎದ್ದು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಅವರಿಗೆ ಗಾಳಿಯ ಮೇಲೆ ಪ್ರೀತಿ ಎಂದೇ ನಾನು ಇಪ್ಪತ್ತು ವರ್ಷ ತಿಳಿದುಕೊಂಡಿದ್ದೆ. ಹೀಗೆ ಯಾರ ತಂಟೆಗೂ ಹೋಗದೆ ಸುಖವಾಗಿದ್ದ ಒಬ್ಬ ಗೃಹಸ್ಥನ ಮೇಲೆ ೨೦೦೫ನೇ ಇಸವಿಯ ಜೂನ್ ತಿಂಗಳಲ್ಲಿ ಆರೋಗ್ಯ ಬಂದು ಎರಗಿತು.

ನಾನು ಶಂಭುಲಿಂಗ. ಬ್ಯಾಡಗಿಯಲ್ಲಿ ರಾಘಣ್ಣನವರ ಶೀತಲಗೃಹಕ್ಕೆ ಮ್ಯಾನೇಜರ್. ಶೀತಲಗೃಹವೆಂದರೆ ಮೆಣಸಿನಕಾಯಿಯ ಛತ್ರ. (ಒಳ್ಳೆಯ ಧಾರಣೆ ಬರುವವರೆಗೂ ಚೀಲಗಳು ಒಳಗೆ ತಂಪಾಗಿ ಮಲಗಿರುತ್ತವೆ, ನಾವು ಹೊರಗೆ ಸೆಕೆಯಲ್ಲಿ ಎಚ್ಚರವಾಗಿರುತ್ತೇವೆ.) ಚೀಲ ಹೊರಲು ಎಂಟು ಜನ ಹಮಾಲರು, ಕಾಯಿಯ ತೊಟ್ಟು ಮುರಿಯಲು ಹತ್ತು ಜನ ಹೆಂಗಸರು, ತೂಕ ಮಾಡಲು ಇಸಾಕಸಾಬ, ಇವರೆಲ್ಲ ಕೆಲಸ ಮಾಡುತ್ತಿದ್ದಾರೆಯೇ ಎಂದು ಕುರ್ಚಿಯ ಮೇಲೆ ಕೂತು ನೋಡಲು ನಾನು. ಆ ಕುರ್ಚಿಯೂ ಸಾಮಾನ್ಯದ್ದಲ್ಲ. ನನ್ನ ಸಲುವಾಗಿಯೇ ಸಾಗುವಾನಿಯಲ್ಲಿ ಮಾಡಿಸಿದ್ದು.

ಇಸಾಕಸಾಬನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಮೆಣಸಿನಕಾಯಿಯಲ್ಲಿ ತೇವ ಇದ್ದರೆ ತೂಕ ಹೆಚ್ಚು ಬರುತ್ತದೆ. ತೇವಕ್ಕೆ ಯಾವ ವ್ಯಾಪಾರಿ ಬೆಲೆ ಕೊಡುತ್ತಾನೆ? ಹಾಗಾಗಿ ತೂಗುವವನು ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ಕಾಯಿ ಹಿಸುಕಿ ನೋಡಿ, ಇಷ್ಟು ಕಿಲೋ ತೇವ ಎಂದು ಕಳೆದು ಉಳಿದದ್ದನ್ನು ಬರೆಯುತ್ತಾನೆ. ಅದು ಒಣ ತೂಕ. ಇಸಾಕಸಾಬನ ಬೆರಳು ಹೇಳಿದ ತೇವವನ್ನು ಮೂವತ್ತು ವರ್ಷದಲ್ಲಿ ಒಬ್ಬ ರೈತನಾಗಲಿ ವ್ಯಾಪಾರಿಯಾಗಲಿ ಪ್ರಶ್ನಿಸಿರಲಿಲ್ಲ. ಅಂಥ ಮನುಷ್ಯ. ಮಾತು ಕಡಿಮೆ, ನಿಯತ್ತು ಹೆಚ್ಚು.

ರಾಘಣ್ಣನವರ ಮನೆ ಹಾವೇರಿಯಲ್ಲಿ. ಆ ವರ್ಷ ಆ ಮನೆಗೆ ಪ್ರಿಯಂವದಾ ಎಂಬ ಸೊಸೆ ಬಂದರು. ಪುಣೆಯಲ್ಲಿ ನೌಕರರನ್ನು ನೋಡಿಕೊಳ್ಳುವ ವಿದ್ಯೆ ಕಲಿತು ಬಂದವರು. (ಅದನ್ನು ಕಲಿಯಲು ಪುಣೆಗೆ ಹೋಗಬೇಕೆಂದು ನನಗೆ ಗೊತ್ತಿರಲಿಲ್ಲ. ನಾನು ಇಷ್ಟು ವರ್ಷ ಕನ್ನಡಕದ ಮೇಲಿನಿಂದಲೇ ನೋಡಿಕೊಂಡಿದ್ದೆ.) ಮಾವನವರು, "ಒಂದಿಷ್ಟು ಬ್ಯಾಡಗಿ ಕಡೆ ಲಕ್ಷ್ಯ ಕೊಡವಾ" ಎಂದಿದ್ದೇ ತಡ, ಒಂದು ಭಾನುವಾರ ಎಲ್ಲರೂ ಕುಟುಂಬ ಸಮೇತ ಬರಬೇಕೆಂದು ಅಪ್ಪಣೆಯಾಯಿತು. ನಾನು ನನ್ನ ಧರ್ಮಪತ್ನಿ ಪುಷ್ಪಲತಾಳನ್ನು ಕರೆದುಕೊಂಡು ಹೋದೆ. ಊಟ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ಭಾಷಣ.

"ಆರೋಗ್ಯ ಅಂದ್ರ ಗುಳಿಗಿ ನುಂಗೂದಲ್ರಿ," ಎಂದರು ಪ್ರಿಯಂವದಾ. "ಅದು ಕೆಲಸದ ಜಾಗಾದಾಗ ದಿನಾ ಬೆಳಸಬೇಕಾದ ಸಂಸ್ಕೃತಿ ಅದ. ನಾಳಿಂದ ಮುಂಜಾನೆ ಹದಿನೈದು ನಿಮಿಷ ವ್ಯಾಯಾಮ. ನಾಲ್ಕರ ಚಹಾದ ಜೋಡಿ ಮಿರ್ಚಿ ಬಜಿ ಬಂದ್. ಅದರ ಬದಲಿ ಮೊಳಕಿ ಹೆಸರುಕಾಳು."

ಸಭೆಯಲ್ಲಿ ಸೂತಕದ ಕಳೆ ಬಂತು. ಹಮಾಲರ ಮುಖಂಡ ಮೈಲಾರೆಪ್ಪ ಎದ್ದು ನಿಂತ.

"ಮೇಡಮ್ಮಾರ, ನಾವು ದಿನಾ ಇನ್ನೂರು ಚೀಲ ಹೊರತೇವ್ರಿ. ಅದರ ಮ್ಯಾಲ ಮತ್ತ ಕೈಕಾಲು ಎತ್ತಿ ಇಳಸಬೇಕ್ರಿ?"

"ಅದು ಕೆಲಸ, ಇದು ವ್ಯಾಯಾಮ. ಎರಡೂ ಬ್ಯಾರೆ."

"ಬೆವರು ಒಂದ ಬರತೈತಲ್ರಿ," ಎಂದು ಮೈಲಾರೆಪ್ಪ ಕೂತುಬಿಟ್ಟ.

ತೊಟ್ಟು ಮುರಿಯುವ ಹೆಂಗಸರ ಪೈಕಿ ಹಿರಿಯಳಾದ ಉಚ್ಚಂಗೆವ್ವ ಕೂತಲ್ಲಿಂದಲೇ ಕೇಳಿದಳು: "ಯವ್ವಾ, ಬಗ್ಗಿ ಕಾಲಬೆರಳು ಮುಟ್ಟಂತೀರಿ. ನಾ ಹೊತ್ತು ಹುಟ್ಟಿದಾಗಿಂದ ಹೊತ್ತು ಮುಳಗೂತನಾ ಬಗ್ಗೇ ಕುಂತಿರತೇನಿ. ಎದ್ದು ನಿಂದ್ರೂದು ಏನರ ವ್ಯಾಯಾಮ ಇದ್ರ ಹೇಳ್ರಿ, ಮಾಡತೇನಿ."

ಎಲ್ಲರೂ ನಕ್ಕರು. ಪ್ರಿಯಂವದಾ ಮಾತ್ರ ನಗದೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಬಹುಮಾನ ಸಾರಿದರು. ಮೂರು ತಿಂಗಳಲ್ಲಿ ಐದು ಕಿಲೋಗಿಂತ ಹೆಚ್ಚು ಇಳಿಸಿ ಎಲ್ಲರಿಗಿಂತ ಮುಂದೆ ಇದ್ದವರಿಗೆ ರಾಘಣ್ಣನವರ ಕಾರಿನಲ್ಲಿ ಕಾರವಾರಕ್ಕೆ ಪ್ರಯಾಣ, ಸಮುದ್ರದ ದಂಡೆಯ ಮೇಲೆ ಮೂರು ದಿನ ವಸತಿ, ಜೊತೆಗೆ ಇನ್ನೊಬ್ಬರನ್ನು ಕರೆದೊಯ್ಯಬಹುದು. ನೌಕರರಷ್ಟೇ ಅಲ್ಲ, ಮನೆಯವರೂ ಈ ಸಂಸ್ಕೃತಿಯಲ್ಲಿ ಸೇರಿದವರೇ ಎಂದು ಹೇಳಿ, ಬಂದವರನ್ನೆಲ್ಲ ಚೀಲ ತೂಗುವ ಕಾಟಾದ ಮೇಲೆ ಹತ್ತಿಸಿ, ಸ್ವತಃ ಮುಂದೆ ನಿಂತು ತೂಕ ನೋಡಿ ಬರೆದರು. ಉಚ್ಚಂಗೆವ್ವ ನಲವತ್ತೊಂದು. ಮೈಲಾರೆಪ್ಪ ಐವತ್ತೆಂಟು. ನನ್ನ ಪುಷ್ಪಲತಾ ಅರವತ್ತಾರು. ನಾನು ಎಂಬತ್ನಾಲ್ಕು. ಅಂದೇ ನನ್ನನ್ನು ಆರೋಗ್ಯ ಸಂಯೋಜಕ ಎಂದು ನೇಮಿಸಿದರು. ಇನ್ನು ಮೇಲೆ ಪ್ರತಿ ಶನಿವಾರ ಇಸಾಕಸಾಬ ನೌಕರರ ತೂಕ ಮಾಡಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು, ತಿಂಗಳಿಗೊಮ್ಮೆ ತಾವು ಬಂದು ನೋಡುವುದು ಎಂದು ತೀರ್ಮಾನವಾಯಿತು.

ಸುತ್ತ ನೋಡಿದೆ. ಎಲ್ಲರೂ ಕಟ್ಟಿಗೆಯಂಥವರು. ಐದು ಕಿಲೋ ಇಳಿಸಿದರೆ ಅವರಲ್ಲಿ ಉಳಿಯುವುದೇನು? ಇಳಿಸಲು ದಾಸ್ತಾನು ಇದ್ದವನು ನಾನೊಬ್ಬನೇ. ಎದುರಾಳಿಯೇ ಇಲ್ಲದ ಕುಸ್ತಿ! ಆದರೆ ನಾನು ಹಿಗ್ಗುವುದಕ್ಕಿಂತ ಮೊದಲೇ ಪಕ್ಕದಲ್ಲಿದ್ದ ಪುಷ್ಪಲತಾ ನನ್ನ ಮೊಳಕೈ ಗಟ್ಟಿಯಾಗಿ ಹಿಡಿದಿದ್ದಳು. ಅವಳ ಕಣ್ಣಲ್ಲಿ ಆಗಲೇ ತೆರೆ ಏಳುತ್ತಿದ್ದವು.

ಇದಕ್ಕೆ ಒಂದು ಹಿನ್ನೆಲೆ ಇದೆ. ಮದುವೆಯಾದ ವರ್ಷ ಅವಳಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. (ಮದುವೆಯಾದ ವರ್ಷ ಗಂಡಸು ಏನು ಬೇಕಾದರೂ ಮಾತು ಕೊಡುತ್ತಾನೆ.) ಆಮೇಲೆ ಕೆಲಸ, ಮಗಳ ಶಾಲೆ, ಮಗಳ ಮದುವೆ ಎಂದು ಇಪ್ಪತ್ತೆರಡು ವರ್ಷ ಕಳೆದವು. ನಡುವೆ ಒಮ್ಮೆ ಹರಿಹರಕ್ಕೆ ಕರೆದುಕೊಂಡು ಹೋಗಿ, ತುಂಬಿ ಹರಿಯುವ ತುಂಗಭದ್ರೆಯನ್ನು ತೋರಿಸಿ, "ಇದೂ ನೀರ, ಅದೂ ನೀರ" ಎಂದು ಕೈತೊಳೆದುಕೊಳ್ಳಲು ನೋಡಿದ್ದೆ. ಅವಳ ತಂಗಿ ಮಾತ್ರ ಎರಡು ಸಲ ಸಮುದ್ರ ನೋಡಿ ಬಂದು, ಕಪ್ಪೆಚಿಪ್ಪಿನ ಪರದೆ ಬೇರೆ ತೂಗುಹಾಕಿದ್ದಳು. ಆ ಪರದೆ ಸರಿಸಿ ತಂಗಿಯ ಮನೆಯೊಳಗೆ ಹೋಗುವಾಗಲೆಲ್ಲ ನನ್ನ ಹೆಂಡತಿಯ ಮುಖ ನೋಡಲಾಗುತ್ತಿರಲಿಲ್ಲ.

ಆ ರಾತ್ರಿಯ ಊಟಕ್ಕೆ ನನ್ನ ತಾಟಿನಲ್ಲಿ ಅರ್ಧ ರೊಟ್ಟಿ ಇತ್ತು. ಪಕ್ಕದಲ್ಲಿ ಎಣ್ಣೆಯ ಮುಖವನ್ನೇ ಕಾಣದ ಪುಂಡಿಪಲ್ಲೆ.

"ಉಳದ ಅರ್ಧ ಎಲ್ಲೈತಿ?" ಎಂದೆ.

"ಉಳದ ಅರ್ಧ ಕಾರವಾರದಾಗ ಐತಿ."

"ಶೇಂಗಾ ಚಟ್ನಿ?"

"ಅದೂ ಅಲ್ಲೇ ಐತಿ."

"ಹಂಗಾರ ನಾ ಇವತ್ತ ಕಾರವಾರಕ್ಕ ಹೋಗಿ ಉಂಡು ಬರ್ತೇನಿ."

"ನೋಡ್ರಿ," ಎಂದಳು, ಲಟ್ಟಣಿಗೆ ಕೆಳಗಿಟ್ಟು. "ಇಪ್ಪತ್ತೆರಡು ವರ್ಷ ನಾ ಒಂದು ಮಾತು ಕೇಳಿಲ್ಲ. ಈಗ ದೇವರ ಕಾರು ಕಳಸ್ಯಾನ. ನಿಮ್ಮ ಹೊಟ್ಟಿ ಅಡ್ಡ ಬಂದ್ರ ನಾ ಸುಮ್ಮನಿರಾಕಿ ಅಲ್ಲ."

ಅವಳು ಕೇಳಿದ್ದು ತಪ್ಪೇನಲ್ಲ. ನನಗೂ ಅವಳಿಗೆ ಸಮುದ್ರ ತೋರಿಸುವ ಆಸೆ ಇತ್ತು. ಮನಸ್ಸು ಕಾರವಾರಕ್ಕೆ ಹೊರಟು ನಿಂತಿತ್ತು. ನಾಲಿಗೆ ಮಾತ್ರ ಬ್ಯಾಡಗಿ ಬಿಟ್ಟು ಕದಲಲಿಲ್ಲ.

ಹೇಗೆಂದರೆ, ನಮ್ಮ ಶೀತಲಗೃಹದ ಎದುರಿಗೆ ಗುಡದಪ್ಪನ ಬಜಿ ಗಾಡಿ ಇತ್ತು. ಆರೋಗ್ಯ ಸಂಯೋಜಕನಾಗಿ ನಾನು ಮೊದಲನೇ ದಿನವೇ ಅದನ್ನು ಆವರಣದ ಎದುರಿನಿಂದ ತೆಗೆಸಿದೆ. ತೆಗೆಸಿ ಗೋದಾಮಿನ ಹಿಂದುಗಡೆ ನಿಲ್ಲಿಸಿದೆ. ಹೆಸರುಕಾಳು ಹಂಚಿ, ಅದರ ಗುಣಗಳನ್ನು ಹಮಾಲರಿಗೆ ವಿವರಿಸಿ, ನಾಲ್ಕೂವರೆಗೆ ದಾಸ್ತಾನು ಪರಿಶೀಲನೆಗೆಂದು ನಾನೊಬ್ಬನೇ ಗೋದಾಮಿನ ಹಿಂದೆ ಹೋಗುತ್ತಿದ್ದೆ. ಮೊದಲ ವಾರ ಎರಡು ಬಜಿ. ಅರ್ಧ ರೊಟ್ಟಿಯ ಹಸಿವು ಕೂಡಿಕೊಂಡು ಎರಡನೇ ವಾರ ನಾಲ್ಕಾಯಿತು. ಕೊನೆಗೆ ಮಂಡಕ್ಕಿಯ ಜೊತೆ ಆರಕ್ಕೆ ನಿಂತಿತು. (ಏಳನೆಯದನ್ನು ನಾನು ಎಂದೂ ಮುಟ್ಟಲಿಲ್ಲ. ಮನುಷ್ಯನಿಗೆ ಸಂಯಮ ಬೇಕು.)

ಮೊದಲ ಶನಿವಾರ ತಿಂದ ಬಜಿಗಳನ್ನು ಎಣಿಸುತ್ತಲೇ ಕಾಟಾ ಹತ್ತಿದೆ. ಕಾಟಾದ ಅಳತೆಪಟ್ಟಿ ತೂಗುವವನ ಕಡೆಗಿರುತ್ತದೆ. ಹತ್ತಿದವನಿಗೆ ಕಾಣುವುದು ಎದುರಿನ ಗೋಡೆ. ಇಸಾಕಸಾಬ ಮೊದಲು ನನ್ನ ತೋಳನ್ನು ಮೂರು ಬೆರಳಲ್ಲಿ ಒತ್ತಿದ. ಆಮೇಲೆ ಹೊಟ್ಟೆಯನ್ನು ಒತ್ತಿ ಕಣ್ಣು ಮುಚ್ಚಿಕೊಂಡ. ಹಿರಿಯ ಜೀವ, ನನ್ನ ಮೇಲೆ ಅಕ್ಕರೆ ಎಂದುಕೊಂಡೆ. ಗುಂಡು ಸರಿಸಿ ನೋಡಿ ಪುಸ್ತಕದಲ್ಲಿ ಬರೆದ: ಎಂಬತ್ತೆರಡು.

ನಾನು ಎರಡು ಸಲ ಓದಿದೆ. ದಿನಾ ಬಜಿ ತಿಂದೂ ಎರಡು ಕಿಲೋ ಇಳಿದಿದ್ದೆ! ಮುಂದಿನ ವಾರ ಎಂಬತ್ತೊಂದು. ಬಜಿ ನಾಲ್ಕಾದ ಮೇಲೆ ಎಂಬತ್ತು. ಆರಾದ ಮೇಲೆ ಎಪ್ಪತ್ತೆಂಟು. ಉಚ್ಚಂಗೆವ್ವ ಮಾತ್ರ ಅದೇ ನಲವತ್ತೊಂದು, ಮೈಲಾರೆಪ್ಪ ಅದೇ ಐವತ್ತೆಂಟು. ಹೆಸರುಕಾಳು ತಿಂದವರ ಹಣೆಬರಹ ಇಷ್ಟೇ.

ಆಗ ನನಗೆ ಜ್ಞಾನೋದಯವಾಯಿತು. ಖಾರ ಎಂದರೆ ಬೆಂಕಿ. ಬೆಂಕಿಗೆ ಬೆಣ್ಣೆ ಕರಗುವುದಾದರೆ ಬೊಜ್ಜು ಯಾಕೆ ಕರಗಬಾರದು? ಈ ಮಹಾಸಿದ್ಧಾಂತವನ್ನು ಬಜಿಯ ಹೆಸರೆತ್ತದೆ, ಬರೀ ಮೆಣಸಿನಕಾಯಿಯ ಮಹಿಮೆ ಎಂಬಂತೆ ಮುಂಜಾನೆಯ ರೈಲಿನಲ್ಲಿ ಸಿಕ್ಕವರಿಗೆಲ್ಲ ಬೋಧಿಸತೊಡಗಿದೆ. ಬಾಗಿಲ ಹತ್ತಿರ ನಿಂತವರು ಅಲ್ಲಿಂದಲೇ ತಲೆದೂಗುತ್ತಿದ್ದರು. ರಾಘಣ್ಣನವರು ಒಂದು ದಿನ ಬಂದು ಪುಸ್ತಕ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪುಸ್ತಕ ನೋಡಿದರು.

"ಶಂಭಣ್ಣ, ಏಳು ಕಿಲೋ ಇಳದದ ಅಂತ ಬರದದ. ನೋಡಿದ್ರ ಹಂಗ ಕಾಣಸಂಗಿಲ್ಲಲ್ಲೋ?"

"ಒಳಗಿನಿಂದ ಕರಗಾಕತ್ತೈತ್ರಿ," ಎಂದೆ. "ಹೊರಗ ಕಾಣಾಕ ಇನ್ನೊಂದಿಷ್ಟು ದಿನ ಬೇಕು."

ಅವರು ದೊಡ್ಡ ಮನುಷ್ಯರು, ಒಪ್ಪಿಕೊಂಡರು. ಮನೆಯಲ್ಲಿ ಅಷ್ಟು ಸಲೀಸಾಗಲಿಲ್ಲ. ಆಗಸ್ಟ್ ಬರುವಷ್ಟರಲ್ಲಿ ನನ್ನ ಪ್ಯಾಂಟಿನ ಗುಂಡಿ ಅದರ ಕಾಜವನ್ನು ಭೇಟಿಯಾಗುವುದನ್ನೇ ಬಿಟ್ಟಿತ್ತು.

"ತೂಕ ಇಳದ್ರ ಪ್ಯಾಂಟು ಸಡ್ಲ ಆಗಬೇಕಲ್ರಿ?" ಎಂದಳು ಪುಷ್ಪಲತಾ, ದಾರದಿಂದ ಗುಂಡಿ ಕಟ್ಟುತ್ತ.

"ಮಳಿಗಾಲದಾಗ ಅರಿವಿ ಕುಗ್ಗತಾವ."

"ನನ್ನ ಜಂಪರ ಯಾಕ ಕುಗ್ಗವಲ್ವು? ಅವು ಸಡ್ಲ ಆಗ್ಯಾವ."

"ಅದು ಹತ್ತಿ ಅರಿವಿ. ಹತ್ತಿ ಮಳಿಗೆ ಹಿಗ್ಗತೈತಿ."

ಅವಳು ನನ್ನನ್ನು ನಂಬಿದಳು. ನಂಬಿ, ಪಾಪ, ದರ್ಜಿಯ ಹತ್ತಿರ ಹೋಗಿ ಜಗಳ ಆಡಿ ಬಂದಳು.

ಆದರೂ ಅವಳ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಒಂದು ಭಾನುವಾರ ನನ್ನನ್ನು ರಾಣೇಬೆನ್ನೂರು ಸ್ಟೇಷನ್ನಿಗೆ ಎಳೆದುಕೊಂಡು ಹೋದಳು. ಅಲ್ಲಿ ಬಣ್ಣದ ದೀಪ ಮಿನುಗಿಸುತ್ತ, ನಾಣ್ಯ ನುಂಗಿ ಚೀಟಿ ಉಗುಳುವ ತೂಕದ ಯಂತ್ರ ಒಂದಿತ್ತು. ನಾನು ಹತ್ತಿದೆ. ಯಂತ್ರ ಗರಗರ ಎಂದು ಚೀಟಿ ಕೊಟ್ಟಿತು: ತೊಂಬತ್ತು. ಹಿಂಬದಿಗೆ ಭವಿಷ್ಯ: 'ನಿಮ್ಮ ಪ್ರಾಮಾಣಿಕತೆ ಎಲ್ಲರ ಮೆಚ್ಚುಗೆ ಗಳಿಸುವುದು.'

ಪುಷ್ಪಲತಾ ಚೀಟಿಯನ್ನೂ ನನ್ನನ್ನೂ ನೋಡಿದಳು.

"ಮಿಶನ್ ಕೆಟ್ಟೈತಿ," ಎಂದೆ. "ಬೇಕಾದ್ರ ನೀ ಹತ್ತಿ ನೋಡು."

ಅವಳು ಹತ್ತಿದಳು. ಚೀಟಿ ಬಂತು: ಐವತ್ತೆಂಟು.

"ನೋಡು!" ಎಂದು ಪ್ಲಾಟ್‌ಫಾರ್ಮಿನವರೆಲ್ಲ ತಿರುಗಿ ನೋಡುವಂತೆ ಕೂಗಿದೆ. "ಅರವತ್ತಾರು ಇದ್ದಾಕಿ ಐವತ್ತೆಂಟಕ್ಕ ಬಂದೀಯಂತ! ನಿನ್ನ ಎಂಟು ಕಿಲೋ ತಗದು ನನ್ನ ಮ್ಯಾಲ ಹಾಕೈತಿ. ಇದಕ್ಕ ತೂಕ ಅಂತಾರೇನು?"

"ಹೌದು ಬಿಡ್ರಿ, ನಾ ಎಲ್ಲಿ ಎಂಟು ಕಿಲೋ ಇಳೀಲಿ," ಎಂದು ಅವಳೂ ನಕ್ಕಳು. ಇಬ್ಬರೂ ಚೀಟಿ ಹರಿದು ಹಾಕಿ, ಖುಷಿಯಿಂದ ಮನೆಗೆ ಬಂದೆವು. ದಾರಿಯಲ್ಲಿ ಅವಳು ಸಮುದ್ರಕ್ಕೆ ಉಡಲು ಯಾವ ಸೀರೆ ಒಳ್ಳೆಯದು ಎಂದು ಕೇಳಿದಳು. ಉಪ್ಪುನೀರಿಗೆ ಬಣ್ಣ ಹೋಗದ ಸೀರೆ ಎಂದು ನಾನು ಗಂಭೀರವಾಗಿ ಸಲಹೆ ಕೊಟ್ಟೆ.

ಸೆಪ್ಟೆಂಬರಿನ ಮೊದಲ ಭಾನುವಾರ ಬಹುಮಾನ ಸಮಾರಂಭ. ಪುಸ್ತಕದಲ್ಲಿ ನನ್ನ ತೂಕ ಎಪ್ಪತ್ತೈದು. ಒಂಬತ್ತು ಕಿಲೋ ಇಳಿಕೆ. ಗೋದಾಮಿನ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಪುಷ್ಪಲತಾ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮನೆಯಲ್ಲಿ ಚೀಲ ಕಟ್ಟಿಯೂ ಆಗಿತ್ತು. ನನ್ನ ಕಿಸೆಯಲ್ಲಿ, ಆರೋಗ್ಯವೇ ಭಾಗ್ಯ ಎಂದು ಶುರುವಾಗುವ ನಾಲ್ಕು ಪುಟದ ಭಾಷಣವಿತ್ತು.

"ಹಾರ ಹಾಕೂಕಿಂತ ಮೊದಲ ಒಂದು ಸಲ ಎಲ್ಲಾರ ಮುಂದ ತೂಕ ನೋಡೂಣು," ಎಂದರು ಪ್ರಿಯಂವದಾ. ಹಾವೇರಿಯಿಂದ ಅವರ ಪರಿಚಯದ ಡಾಕ್ಟರೊಬ್ಬರ ಹೊಸ ಯಂತ್ರ ತಂದಿದ್ದರು. ತಟ್ಟೆಯಷ್ಟೇ ಇದ್ದು, ಮೇಲೆ ಕೆಂಪು ಅಂಕಿ ಮೂಡುವಂಥದ್ದು. ಹತ್ತಿದವನಿಗೂ ಕಾಣುತ್ತದೆ, ನಿಂತವರಿಗೂ ಕಾಣುತ್ತದೆ. ಆಧುನಿಕ ವಿಜ್ಞಾನಕ್ಕೆ ಮಾನ ಮರ್ಯಾದೆ ಎಂಬುದೇ ಇಲ್ಲ.

ನಾನು ಗತ್ತಿನಿಂದ ಹತ್ತಿದೆ. ತೊಂಬತ್ತೊಂದು.

ಇಳಿದು ಮತ್ತೆ ಹತ್ತಿದೆ. ತೊಂಬತ್ತೊಂದು. ಕಿಸೆಯ ಭಾಷಣ ತೆಗೆದಿಟ್ಟು ಹತ್ತಿದೆ. ತೊಂಬತ್ತೊಂದೇ.

"ಇಸಾಕಸಾಬರ," ಎಂದರು ಪ್ರಿಯಂವದಾ, "ನೀವು ಎಪ್ಪತ್ತೈದು ಬರದೀರಲ್ಲ?"

ಇಸಾಕಸಾಬ ಟೊಪ್ಪಿಗೆ ಸರಿಮಾಡಿಕೊಂಡು ಎದ್ದು ನಿಂತ. ಅವನ ಮುಖದಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ.

"ಬರೋಬ್ಬರಿ ಐತ್ರಿ. ಇದು ತೋರಸಾಕತ್ತಿದ್ದು ಹಸಿ ತೂಕ. ನಾ ಬರದದ್ದು ಒಣ ತೂಕ. ಹದಿನಾರು ಕಿಲೋ ತೇವ ಬಿಟ್ಟೇನ್ರಿ."

"ಮನುಷ್ಯಾಗ ತೇವ ಬಿಡೂದು ಅಂದ್ರ?"

"ಈ ಪ್ಯಾಟ್ಯಾಗ ಹಸಿ ತೂಕ ಬರದವ ಬದಕ್ಯಾನೇನ್ರಿ ಮೇಡಂ? ಎಲ್ಲಾರನ್ನೂ ಹಿಸಕೇ ನೋಡೇನಿ. ಮೈಲಾರೆಪ್ಪ ಕಟುಕಟು ಒಣಗ್ಯಾನ, ಅವಗ ಏನೂ ಬಿಡಲಿಲ್ಲ. ಉಚ್ಚಂಗೆವ್ವ ಹಳೇ ವರ್ಷದ ಕಾಯಿ. ಸಾಹೇಬ್ರು ಮಾತ್ರ ಮೊದಲನೇ ವಾರಾನ ಮೆತ್ತಗಿದ್ರು, ಎರಡು ಕಿಲೋ ಬಿಟ್ಟೆ. ಆಮ್ಯಾಲ ವಾರ ವಾರಕ್ಕ ಹೆಚ್ಚು ಮೆತ್ತಗ ಆಗಾಕತ್ರು. ಮಳಿಗಾಲ ನೋಡ್ರಿ, ಥಂಡಿ ಹಿಡದಿರಬೇಕು ಅಂತ ಬಿಟಗೋಂತ ಬಂದೆ." ಪ್ರಿಯಂವದಾ ಕಡೆ ತಿರುಗಿ ಸೇರಿಸಿದ: "ಮೊದಲನೇ ದಿನ ನೀವು ಹಸೀದನ್ನ ಬರದ್ರಿ. ಹೊಸಬ್ರು, ವ್ಯಾಪಾರ ಗೊತ್ತಿಲ್ಲ ಅಂತ ನಾ ಸುಮ್ಮಿದ್ದೆ."

ಅಷ್ಟರಲ್ಲಿ ಗುಡದಪ್ಪ ಕಾಗದದ ಪೊಟ್ಟಣ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದ. ಅವನದೂ ನಿಯತ್ತಿನ ಬಾಳು. ಗಿರಾಕಿಗೆ ಒಂದು ದಿನವೂ ತಪ್ಪಿಸಿದವನಲ್ಲ.

"ಸಾಹೇಬ್ರ, ಇವತ್ತಿನ ನಿಮ್ಮ ಆರು ಮಿರ್ಚಿ ಇಲ್ಲೇ ಕೊಡ್ಲ್ಯೋ, ದಿನದಂಗ ಗೋದಾಮಿನ ಹಿಂದ ಬರ್ತೀರೋ?"

ಆಗ ಎದ್ದ ನಗೆ ಮೋಟೆಬೆನ್ನೂರಿನವರೆಗೆ ಕೇಳಿಸಿರಬೇಕು. ಮೈಲಾರೆಪ್ಪ ನೆಲಕ್ಕೆ ಕೂತು ನಕ್ಕ. ರಾಘಣ್ಣನವರು ಹಾರದಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ನಗದೆ ಇದ್ದವಳು ಒಬ್ಬಳೇ. ಪುಷ್ಪಲತಾ ಎದ್ದು ಬಂದು ನನ್ನ ಮುಂದೆ ನಿಂತಳು.

"ದಿನಾ ತಿಂದ್ರ್ಯಾ?"

"ದಿನಾ ಅಂದ್ರ... ಭಾನುವಾರ ಸೂಟಿ ಇರ್ತಿತ್ತು."

"ನೀವು ಅರ್ಧ ರೊಟ್ಟಿ ತಿಂದು ಎದ್ದು ಹೋಗೂ ಮುಂದ ನನಗ ಇಡೀ ರೊಟ್ಟಿ ಗಂಟಲದಾಗ ಇಳೀಲಿಲ್ರಿ," ಎಂದಳು ಮೆಲ್ಲಗೆ. "ಮೂರು ತಿಂಗಳು ನಾನೂ ಅರ್ಧಾನ ತಿಂದೇನಿ."

ನನಗೆ ನಾಚಿಕೆಯಾಯಿತು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಅಷ್ಟು ಜನ ನಕ್ಕಾಗ ಆಗದ ನಾಚಿಕೆ ಆ ಒಂದು ಮಾತಿಗೆ ಆಯಿತು. ಅವಳು ನನ್ನೆದುರು ಉಣ್ಣುತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಅವಳ ಜಂಪರು ಸಡಿಲವಾದದ್ದಕ್ಕೆ ಮಳೆಯನ್ನು ಹೊಣೆ ಮಾಡಿದ್ದ ಮಹಾನುಭಾವ ನಾನೇ ಅಲ್ಲವೇ?

"ಹಂಗಾರ ನೀವು ಹತ್ರಿ ಅಕ್ಕಾರ," ಎಂದು ಉಚ್ಚಂಗೆವ್ವ ಅವಳ ಕೈ ಹಿಡಿದು ಯಂತ್ರದ ಮೇಲೆ ನಿಲ್ಲಿಸಿದಳು. ಐವತ್ತೆಂಟು. ಪ್ರಿಯಂವದಾ ಪುಸ್ತಕದ ಮೊದಲ ಪುಟ ತೆಗೆದರು: ಅರವತ್ತಾರು. ಇಸಾಕಸಾಬ ದೂರದಿಂದಲೇ ಅವಳನ್ನು ನೋಡಿ, "ಇದು ಖರೇ ಒಣ ಮಾಲ್ರಿ, ಹಿಸಕೂದು ಬ್ಯಾಡ" ಎಂದು ತೀರ್ಪು ಕೊಟ್ಟ.

"ಮನಿಯವರೂ ಸೇರಿದ್ರು ಅಂತ ನಾನ ಹೇಳೀನಿ," ಎಂದರು ಪ್ರಿಯಂವದಾ. "ಗೆದ್ದವರು ಪುಷ್ಪಲತಾ ಅಕ್ಕ."

ಹಾರ ಅವಳ ಕೊರಳಿಗೆ ಬಿತ್ತು. ಹಮಾಲರು ಸೀಟಿ ಹೊಡೆದರು. ನನ್ನ ಎದೆಯಲ್ಲೂ ಒಂದು ಭಾರ ಇಳಿಯಿತು. ಹೇಗೋ ಅವಳಿಗೆ ಸಮುದ್ರ ಸಿಕ್ಕಿತಲ್ಲ! ಗೆದ್ದವರು ಇನ್ನೊಬ್ಬರನ್ನು ಕರೆದೊಯ್ಯಬಹುದು ಎಂಬ ನಿಯಮ ನೆನಪಾಗಿ, ನಾನು ಮೆಲ್ಲಗೆ ಅವಳ ಪಕ್ಕಕ್ಕೆ ಹೋಗಿ, ಯಾವಾಗ ಹೊರಡೋಣ ಎಂಬ ಮುಖ ಮಾಡಿ ನಿಂತೆ.

ಅವಳು ನನ್ನನ್ನು ದಾಟಿಕೊಂಡು ಹೋದಳು. "ಉಚ್ಚಂಗೆವ್ವಾ, ನೀ ಸಮುದ್ರ ನೋಡೀದೀ?"

"ನಾ ಎಲ್ಲಿ ನೋಡಲೆವ್ವಾ? ಹುಟ್ಟಿದಾಗಿಂದ ಈ ಕಾಯಿ ಗುಡ್ಡಿ ನೋಡಕೋಂತ ಕುಂತೇನಿ."

"ನಡೀ, ಇಬ್ಬರೂ ಹೋಗೂಣು."

"ಅಕಿ ಹೋದ್ರ ಮೂರು ದಿನ ತೊಟ್ಟು ಮುರಿಯಾವ್ರು ಯಾರು?" ಎಂದು ಮ್ಯಾನೇಜರಾಗಿ ನಾನು ಪ್ರಶ್ನೆ ಎತ್ತಿದೆ. ಆಯಕಟ್ಟಿನ ಪ್ರಶ್ನೆ. ಎತ್ತಬಾರದಿತ್ತು.

ಪ್ರಿಯಂವದಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಾಹೇಬ್ರ, ಮೂರು ತಿಂಗಳ ಹಿಂದ ಉಚ್ಚಂಗೆವ್ವ ಒಂದು ಮಾತು ಹೇಳಿದ್ಲು, ಎದ್ದು ನಿಂದ್ರೂ ವ್ಯಾಯಾಮ ಇದ್ರ ಹೇಳ್ರಿ ಅಂತ. ಅದನ್ನ ಬರಕೊಂಡೆ, ತಿಳಕೊಳ್ಳಲಿಲ್ಲ. ಅದು ನಂದೂ ತಪ್ಪು. ಈ ಮಂದಿಗೆ ಯಾವ ಆರೋಗ್ಯ ಬೇಕಾಗೇದ ಅಂತ ಅವರ ಜಾಗಾದಾಗ ಕೂತವರಿಗೇ ಗೊತ್ತಾಗತದ. ಅಕಿ ಬರೂತನಕ ಅಕಿ ಜಾಗಾದಾಗ ನೀವ ಕೂಡ್ರಿ."

ಹೀಗೆ ಆರೋಗ್ಯ ಸಂಯೋಜಕನು ಸಾಗುವಾನಿ ಕುರ್ಚಿಯಿಂದ ನೆಲದ ಗೋಣಿತಟ್ಟಿಗೆ ಇಳಿದನು. (ಮೂರು ತಿಂಗಳಲ್ಲಿ ನಾನು ನಿಜವಾಗಿ ಇಳಿದದ್ದು ಇಷ್ಟೇ.)

ಸೋಮವಾರ ಬೆಳಿಗ್ಗೆ ಕಾರು ಬಂದು ಅವರಿಬ್ಬರನ್ನೂ ಕರೆದುಕೊಂಡು ಹೋಯಿತು. ನಾನು ಒಂಬತ್ತು ಹೆಂಗಸರ ನಡುವೆ ಮೆಣಸಿನಕಾಯಿಯ ರಾಶಿಯ ಮುಂದೆ ಕೂತೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರ ಅಷ್ಟಕ್ಕಷ್ಟೇ ಎಂದು ಪರವೂರಿನ ಗಿರಾಕಿಗಳಿಗೆ ನಾನೇ ಸಾವಿರ ಸಲ ಹೇಳಿದ್ದೇನೆ. ಒಂದು ತಾಸು ತೊಟ್ಟು ಮುರಿದ ಮೇಲೆ ಆ ಮಾತನ್ನು ಹಿಂತೆಗೆದುಕೊಂಡೆ. ಬೆರಳು ಉರಿಯುತ್ತವೆ, ಸೊಂಟ ಹಿಡಿಯುತ್ತದೆ, ಧೂಳಿಗೆ ಕೆಮ್ಮು ಬರುತ್ತದೆ. ಕೆಮ್ಮಿ ಕೆಮ್ಮಿ ನಾನು ಎರಡನೇ ದಿನವೇ ಒಂದು ಪತ್ರ ಬರೆಸಿದೆ: ಮೂಗಿಗೆ ಕಟ್ಟಿಕೊಳ್ಳಲು ಅರಿವೆ, ಕೂಡಲು ಗಿಡ್ಡ ಮಣೆ, ಕೈಗೆ ಕೊಬ್ಬರಿ ಎಣ್ಣೆ, ತಾಸಿಗೊಮ್ಮೆ ಎದ್ದು ಅಡ್ಡಾಡಲು ಬಿಡುವು. ಪ್ರಿಯಂವದಾ ಮರುದಿನವೇ ಎಲ್ಲ ಕಳಿಸಿದರು. ಹೆಂಗಸರು ನನಗೆ ಮೊದಲ ಮಣೆ ಕೊಟ್ಟರು. ಅದು ಮುರಿಯಿತು, ಆ ಮಾತು ಬೇರೆ.

ಇನ್ನೊಂದು ಸಂಗತಿ ಹೇಳಿದರೆ ನೀವು ನಂಬಲಿಕ್ಕಿಲ್ಲ. ಆ ಮೂರು ದಿನ ನಾನು ಒಂದೇ ಒಂದು ಬಜಿ ತಿನ್ನಲಿಲ್ಲ. ಗುಡದಪ್ಪ ಎರಡು ಸಲ ಬಂದು ವಿಚಾರಿಸಿ ಹೋದ. ಮನೆಯಲ್ಲಿ ನಾನೇ ಅನ್ನ ಬೇಯಿಸಿಕೊಂಡು, ಮೊಸರು ಕಲೆಸಿಕೊಂಡು, ಎದುರಿಗೆ ಯಾರೂ ಇಲ್ಲದ ತಾಟು ನೋಡಿಕೊಂಡು ಉಂಡೆ. ತಿಂದದ್ದು ಸ್ವಲ್ಪ, ಆದರೂ ಹೊಟ್ಟೆ ತುಂಬಿದಂತಿತ್ತು. ಅವಳು ಬಂದ ಮೇಲೆ ಇಡೀ ರೊಟ್ಟಿಯನ್ನು ಅವಳ ತಾಟಿಗೆ ಹಾಕಿ, ನನ್ನ ಎದುರಿಗೇ ಕೂಡಿಸಿ ಉಣ್ಣಿಸಬೇಕೆಂದು ನಿರ್ಧಾರ ಮಾಡಿದ್ದೆ.

ಮೂರನೇ ದಿನ ಸಂಜೆ ನಾಲ್ಕೂವರೆಗೆ ಮೊಬೈಲು ಬಡಿದುಕೊಂಡಿತು. ಡ್ರೈವರನ ಫೋನಿನಿಂದ ಪುಷ್ಪಲತಾ.

"ಕೇಳ್ರಿ, ಕೇಳ್ರಿ," ಎಂದಳು. ಫೋನನ್ನು ದೂರಕ್ಕೆ ಹಿಡಿದಿರಬೇಕು. ಮೊದಲು ಬರೀ ಗಾಳಿ. ಆಮೇಲೆ ದೊಡ್ಡದೊಂದು ಸದ್ದು ಉರುಳಿಕೊಂಡು ಬಂತು, ಹಿಂದೆ ಸರಿಯಿತು, ಮತ್ತೆ ಬಂತು. ನಡುವೆ ಉಚ್ಚಂಗೆವ್ವ ಚಿಕ್ಕ ಹುಡುಗಿಯಂತೆ ಕಿರುಚುವುದು ಕೇಳಿಸಿತು.

"ಕೇಳಸ್ತೇನ್ರಿ?"

"ಕೇಳಸ್ತು," ಎಂದೆ.

"ಇದು ತುಂಗಭದ್ರಿ ಅಲ್ರಿ. ಇದು ಬ್ಯಾರೇನ ಐತಿ," ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಕಣ್ಣು ತುಂಬಿತು. ಹೆಂಗಸರು ನೋಡಿಯಾರು ಎಂದು ಲಗುಬಗೆಯಿಂದ ಕಣ್ಣು ಒರೆಸಿಕೊಂಡೆ.

ಮೂರು ದಿನ ಮೆಣಸಿನಕಾಯಿ ಮುರಿದ ಕೈಯಿಂದ.

"ಅಯ್ಯಯ್ಯೋ! ಹಾ! ಹಾ!" ಎಂದು ನಾನು ಎದ್ದು ಕುಣಿದಾಡಿದೆ. ಮೈಲಾರೆಪ್ಪ ನೀರಿನ ಕೊಡ ತರಲು ಓಡಿದ.

"ಏನಾತ್ರೀ? ಯಾಕ ಹಾ ಹಾ ಅನ್ನಾಕತ್ತೀರಿ?"

"ಖಾರ... ಮೆಣಸಿನಕಾಯಿ... ಹಾ!"

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಿರಬೇಕು, ಸಮುದ್ರದ ಸದ್ದು ಸಣ್ಣದಾಯಿತು.

"ಈಗ ಟೈಮ್ ಎಷ್ಟಾತ್ರಿ ಅಲ್ಲಿ?"

"ನಾಲ್ಕೂವರಿ... ಪುಷ್ಪಾ, ಖರೇ ಹೇಳ್ತೇನಿ, ಇದು ಬಜಿ ಅಲ್ಲ. ನಿನ್ನ ಮಾತು ಕೇಳಿ ಕಣ್ಣಾಗ ನೀರು ಬಂತು, ಅದನ್ನ ಒರಸಾಕ ಹೋಗಿ..."

"ಒರಸ್ಕೋರಿ, ಒರಸ್ಕೋರಿ," ಎಂದಳು ಪುಷ್ಪಲತಾ. "ಬಾಯೀನೂ ಒರಸ್ಕೋರಿ, ಎಣ್ಣಿ ಹತ್ತಿರತೈತಿ. ಮತ್ತ ಆ ಇಸಾಕಸಾಬಗ ಹೇಳ್ರಿ, ನಾಳೆ ನಾ ಬರೂದ್ರಾಗ ನಿಮ್ಮ ತೂಕ ಮಾಡಿ ಇಡಂತ. ಹಸೀದು."

ಫೋನು ಕಟ್ಟಾಯಿತು.